ಬಾವಿ ನೀರಿನ ನೈಟ್ರೇಟ್: ಪಟ್ಟಿ, ಹನಿ ಕಿಟ್, ಲ್ಯಾಬ್ ಮೂರೂ ನೋಡಿದ ಮೇಲೆ

ಮೊದ್ಲೇ ಹೇಳ್ಬಿಡ್ತೀನಿ, ನನ್ನ ಓಟು ಲ್ಯಾಬಿಗೆ. ನೀರಲ್ಲಿ ಅದ್ದಿದ್ರೆ ಬಣ್ಣ ಬದಲಿಸೋ ಟೆಸ್ಟ್ ಪಟ್ಟಿ ನಂಬ್ಕೊಂಡು ಎರಡು ತಿಂಗಳು "ನಮ್ಮ ಬಾವಿ ನೀರು ಅಮೃತ" ಅಂತ ಹೇಳ್ಕೊಂಡು ತಿರುಗಿದವನು ನಾನು.

ತಂಗಿ ಬಾಣಂತನಕ್ಕೆ ತೀರ್ಥಹಳ್ಳಿ ಕಡೆಯ ನಮ್ಮನೆಗೆ ಬರೋಳಿದ್ಲು. ಬಾವಿ ಇರೋದು ಅಡಿಕೆ ತೋಟದ ಅಂಚಲ್ಲಿ, ಅದರ ಮೇಲ್ಗಡೆ ಕೊಟ್ಟಿಗೆ, ಗೊಬ್ಬರದ ಗುಂಡಿ, ಸಾಲದ್ದಕ್ಕೆ ತೋಟಕ್ಕೆ ಯೂರಿಯಾ ಬೇರೆ. ಇವುಗಳಿಂದ ನೀರಿಗೆ ಇಳಿಯೋ ಲವಣವೇ ನೈಟ್ರೇಟ್. ಆರು ತಿಂಗಳೊಳಗಿನ ಮಗುವಿಗೆ ಪುಡಿ ಹಾಲು ಕಲಸೋ ನೀರಲ್ಲಿ ನೈಟ್ರೇಟ್ ಜಾಸ್ತಿ ಇದ್ರೆ ರಕ್ತ ಆಮ್ಲಜನಕ ಹೊರೋದು ಕಮ್ಮಿಯಾಗಿ ಮೈ ನೀಲಿಗಟ್ಟಬಹುದು. ಅಮ್ಮ "ಕುದಿಸಿ ಕೊಟ್ರಾಯ್ತು ಬಿಡೋ ಮಾರಾಯ" ಅಂದ್ರು. ಕುದಿಸಿದ್ರೆ ನೀರು ಆವಿಯಾಗುತ್ತೆ, ನೈಟ್ರೇಟ್ ಅಲ್ಲೇ ಉಳಿದು ಇನ್ನೂ ಗಟ್ಟಿಯಾಗುತ್ತೆ. ಬಣ್ಣ, ವಾಸನೆ, ರುಚಿ ಯಾವುದ್ರಲ್ಲೂ ಗೊತ್ತಾಗಲ್ಲ, ಟೆಸ್ಟೇ ಮಾಡ್ಬೇಕು.

ಆನ್‌ಲೈನಲ್ಲಿ ಪಟ್ಟಿ ತರಿಸ್ದೆ. ಅದ್ದಿ ತೆಗೆದು ಒಂದು ನಿಮಿಷ ಕಾದ್ರೆ ಬಣ್ಣ, ಡಬ್ಬಿ ಮೇಲಿನ ಬಣ್ಣದ ಜೊತೆ ಹಿಡಿದು ನೋಡೋದು. ನಮ್ದು 10ಕ್ಕೂ 20ಕ್ಕೂ ಮಧ್ಯ ಬಂತು. ನಮ್ಮ ದೇಶದ ಕುಡಿಯೋ ನೀರಿನ ಮಾನದಂಡದಲ್ಲಿ ಮಿತಿ ಲೀಟರಿಗೆ 45 ಮಿಲಿಗ್ರಾಂ, ಹಾಗಾಗಿ ಅರ್ಧಕ್ಕಿಂತ ಕಮ್ಮಿ ಅಂತ ಖುಷಿಯಾಗಿ ಡಬ್ಬಿ ಮುಚ್ಚಿಟ್ಟೆ.

ಯಡವಟ್ಟಾಗಿದ್ದು ಇಲ್ಲೇ. ಡಬ್ಬಿ ಹಿಂದ್ಗಡೆ ಇರುವೆ ಸೈಜಿನ ಅಕ್ಷರದಲ್ಲಿ, ಇದು ನೈಟ್ರೇಟಲ್ಲ, ನೈಟ್ರೇಟಿನೊಳಗಿನ ನೈಟ್ರೋಜನ್ ಲೆಕ್ಕ ಅಂತ ಇತ್ತು. ಆ ಲೆಕ್ಕದ ಅಂಕೀನ 4.43ರಿಂದ ಗುಣಿಸಿದ್ರೆ ನಮ್ಮ 45ರ ಲೆಕ್ಕಕ್ಕೆ ಬರುತ್ತೆ. 10 ಅಂದ್ರೆ ಸುಮಾರು 44, 20 ಅಂದ್ರೆ ಸುಮಾರು 89! ಅಮೆರಿಕದಲ್ಲಿ ಮಿತೀನ ನೈಟ್ರೋಜನ್ ಲೆಕ್ಕದಲ್ಲೇ 10 ಅಂತಾರೆ, ಪಟ್ಟಿಯೂ ಅದೇ ಲೆಕ್ಕದ್ದು. ನಾನು ಅಮೃತ ಅಂದಿದ್ದು ಗಡಿ ದಾಟಿದ ನೀರು. ಎರಡು ತಿಂಗಳು ಕಣ್ಣಿಗೆ ಬೀಳ್ದೇ ಇದ್ದ ಆ ಸಾಲು ಗೊತ್ತಾದ ಮೇಲೆ ಡಬ್ಬಿ ನೋಡಿದ್ರೆ ಅದೊಂದೇ ಕಾಣುತ್ತೆ.

ಟಿಡಿಎಸ್ ಮೀಟರ್ ಈ ಕೆಲಸಕ್ಕೆ ಬರಲ್ಲ, ಅದು ನೀರಲ್ಲಿ ಕರಗಿರೋ ಲವಣವೆಲ್ಲ ಒಟ್ಟು ಎಷ್ಟು ಅಂತ ತೋರಿಸುತ್ತೆ, ನೈಟ್ರೇಟ್ ಎಷ್ಟು ಅಂತ ಬೇರೆ ಮಾಡಿ ಹೇಳಲ್ಲ. ನಮ್ಮ ನೀರಿಗೆ 160 ಅಂತ ತೋರಿಸಿ ನಿಶ್ಚಿಂತೆ ಕೊಡ್ತು, ಅಷ್ಟೇ.

ಹನಿ ಕಿಟ್ ತಂದಿದ್ದು ಮೀನು ಸಾಕೋ ಸಾಮಾನಿನ ಅಂಗಡಿಯಿಂದ. ನೀರಿಗೆ ಎರಡು ಬಾಟಲಿಯಿಂದ ಹನಿ ಹಾಕಿ ಬರೋ ಬಣ್ಣ ನೋಡೋದು. ಎರಡನೇ ಬಾಟಲಿ ಅರ್ಧ ನಿಮಿಷ ಚೆನ್ನಾಗಿ ಕುಲುಕ್ಬೇಕು, ತಳದಲ್ಲಿ ಕೂತಿರೋ ಪುಡಿ ಏಳದೇ ಹೋದ್ರೆ ಅಂಕಿ ಕಮ್ಮಿ ಬರುತ್ತೆ. ಅದ್ರಲ್ಲಿ 40ರ ಕೆಂಪೂ 80ರ ಕೆಂಪೂ ಅಣ್ಣ ತಮ್ಮ ಇದ್ದಂಗೆ. ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಸಮಸಮ ಬೆರೆಸಿ, ಬಂದಿದ್ದನ್ನ ಎರಡರಿಂದ ಗುಣಿಸಿದ್ರೆ ಸ್ವಲ್ಪ ಸಲೀಸು. ಹಂಗೆ ನೋಡಿದ್ರೆ ನೈಟ್ರೇಟ್ ಲೆಕ್ಕದಲ್ಲೇ 40ಕ್ಕೂ 80ಕ್ಕೂ ಮಧ್ಯ ಬಂತು.

ಕೊನೆಗೆ ಲ್ಯಾಬು. ಬಾಟಲೀನ ಅದೇ ನೀರಲ್ಲಿ ಮೂರು ಸಲ ತೊಳೆದು ತುಂಬಿಸಿ, ಐಸ್ ಜೊತೆ ಚೀಲದಲ್ಲಿಟ್ಟು ಬೆಳಗಿನ ಬಸ್ಸಲ್ಲಿ ಶಿವಮೊಗ್ಗಕ್ಕೆ ಹೋದೆ, ಬಿಸಿಯಲ್ಲಿ ಬಿಟ್ರೆ ಬ್ಯಾಕ್ಟೀರಿಯಾ ನೈಟ್ರೇಟಿನ ಲೆಕ್ಕಾನೇ ಬದಲಿಸಿಬಿಡುತ್ತೆ. ಅದಕ್ಕೂ ಮೊದಲು ಒಂದು ಶನಿವಾರ ಹೋಗಿ ಬಾಗಿಲು ಹಾಕಿದ್ದು ನೋಡಿ ವಾಪಸ್ ಬಂದಿದ್ದೂ ಉಂಟು. ರಿಪೋರ್ಟಲ್ಲಿ ನೈಟ್ರೇಟ್ 61 ಅಂತ ಬಂತು, ನೈಟ್ರೋಜನ್ ಅಲ್ಲ, ನೈಟ್ರೇಟಿನ ಲೆಕ್ಕವೇ ಅಂತ ಪಕ್ಕದಲ್ಲೇ ಸ್ಪಷ್ಟವಾಗಿ ಬರೆದಿತ್ತು.

ಖರ್ಚು ನೋಡಿದ್ರೆ ಪಟ್ಟಿ ಅಗ್ಗ, ಆದ್ರೆ ನನ್ನಂಥ ಅವಸರದವನಿಗೆ ಅಲ್ಲ. ವರ್ಷಕ್ಕೆ ಎರಡು ಸಲ, ಬೇಸಿಗೆ ಕೊನೇಲೊಂದು, ಮಳೆ ಹಿಡಿದು ಗೊಬ್ಬರ ಇಳಿದ ಮೇಲೊಂದು ಲ್ಯಾಬಿಗೆ ಕೊಡ್ತೀನಿ, ಮಧ್ಯ ಏರಿಳಿತ ನೋಡೋಕೆ ಹನಿ ಕಿಟ್. ಕುಡಿಯೋಕೆ ನೈಟ್ರೇಟ್ ತೆಗೆಯೋ ಆರ್‌ಒ ಫಿಲ್ಟರ್ ಹಾಕಿಸಿದ್ದಾಯ್ತು, ಬರೀ ಯುವಿ (ಬೆಳಕಿನಿಂದ ಕ್ರಿಮಿ ಕೊಲ್ಲೋದು) ಇರೋ ಫಿಲ್ಟರ್ ನೈಟ್ರೇಟ್ ಮುಟ್ಟಲ್ಲ. ಗೊಬ್ಬರದ ಗುಂಡಿ ಬಾವಿಗಿಂತ ಕೆಳಗಡೆಗೆ ತೆಗೆಸ್ತಿದೀವಿ, ಅಮ್ಮ ಅದಕ್ಕೆ ಇನ್ನೂ ಗೊಣಗ್ತಾನೇ ಇದ್ದಾರೆ.