ಹಳೇ ಕಂಪ್ಯೂಟರಿಗೆ ವಿಂಡೋಸೋ, ಮಿಂಟೋ? ಅಂಗಡಿಯಲ್ಲಿ ನೋಡಿದ್ದು

ತೀರ್ಥಹಳ್ಳಿಯಲ್ಲಿ ನನ್ನದು ಜೆರಾಕ್ಸ್, ಡಿಟಿಪಿ ಅಂಗಡಿ. ಇರುವ ಕಂಪ್ಯೂಟರುಗಳೆಲ್ಲ ಹಳೆಯವು. ಇಂಟೆಲ್ ಮೂರನೇ ತಲೆಮಾರಿನ ಐ3, ನಾಲ್ಕು ಜಿಬಿ ರ‍್ಯಾಮ್. ಒಂದಕ್ಕೆ ಮಾತ್ರ ಎಂಟು ಜಿಬಿ. ಇವುಗಳ ಮೇಲೆ ವಿಂಡೋಸ್ 10, ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್, ಗೂಗಲಿನ ಕ್ರೋಮ್‌ಓಎಸ್ ಫ್ಲೆಕ್ಸ್ ಈ ಮೂರೂ ಓಎಸ್‌ಗಳನ್ನು (ಕಂಪ್ಯೂಟರ್ ನಡೆಸುವ ಮೂಲ ತಂತ್ರಾಂಶ) ಹಾಕಿ ಮಳೆಗಾಲದಲ್ಲಿ ಕೆಲಸ ಮಾಡಿ ನೋಡಿದ್ದೇನೆ. ವಿಂಡೋಸ್ 11 ನನ್ನ ಲೆಕ್ಕದಲ್ಲಿಲ್ಲ. ಅದಕ್ಕೆ ಇಂಟೆಲ್‌ನಲ್ಲಾದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನ ಅಥವಾ ಅದಕ್ಕಿಂತ ಈಚಿನ ಪ್ರೊಸೆಸರ್, ಜೊತೆಗೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು. ಅಡ್ಡದಾರಿಯಲ್ಲಿ ಹಾಕಿಕೊಳ್ಳುವವರಿದ್ದಾರೆ. ಜನರ ಆಧಾರ್, ಪಹಣಿ ಓಡಾಡುವ ಯಂತ್ರಕ್ಕೆ ನಾನು ಹಾಗೆ ಮಾಡುವುದಿಲ್ಲ.

ಯೂಟ್ಯೂಬಿನ ಬೆಂಚ್‌ಮಾರ್ಕ್ ಅಂಕಗಳಿಂದ ನನಗೆ ಹೆಚ್ಚೇನೂ ಸಿಗಲಿಲ್ಲ. ನಮ್ಮ ಕಡೆ ಜುಲೈನಲ್ಲಿ ಕರೆಂಟ್ ಹೋಗುವುದು, ಬರುವುದು ದಿನವಿಡೀ ನಡೆಯುತ್ತದೆ. ಯುಪಿಎಸ್ ಸ್ವಲ್ಪ ಹೊತ್ತು ತಡೆಯುತ್ತದೆ, ಆಮೇಲೆ ಕೂಗಿ ಕೂಗಿ ಆಫ್ ಆಗುತ್ತದೆ. ಕರೆಂಟ್ ಬರುವಷ್ಟರಲ್ಲಿ ಎದುರಿಗೆ ನಾಲ್ಕು ಜನ ನಿಂತಿರುತ್ತಾರೆ. “ಬೇಗ ಕೊಡಿ ಮಾರಾಯ್ರೆ, ಬಸ್ಸಿಗೆ ಹೊತ್ತಾಯ್ತು.” ಹಾಗಾಗಿ ನಾನು ಅಳೆದದ್ದು ಒಂದನ್ನೇ. ಬಟನ್ ಒತ್ತಿದ ಮೇಲೆ ಪಹಣಿ ಪ್ರಿಂಟ್ ಕೈಗೆ ಬರಲು ಎಷ್ಟು ಹೊತ್ತು ಬೇಕು?

ವಿಂಡೋಸ್ ಬೇಗ ಆನ್ ಆಗುತ್ತದೆ ಅನ್ನುವವರು ಹೇಳುವುದು ಸುಳ್ಳಲ್ಲ. ಅದರಲ್ಲಿ ಫಾಸ್ಟ್ ಸ್ಟಾರ್ಟಪ್ ಅಂತ ಒಂದಿದೆ. ಶಟ್‌ಡೌನ್ ಮಾಡಿದಾಗ ಒಳಗಿನ ಕರ್ನಲ್ (ಓಎಸ್‌ನ ತಿರುಳು) ಪೂರ್ತಿ ಮುಚ್ಚುವುದಿಲ್ಲ. ಅದನ್ನು ಹಾಗೇ ಡಿಸ್ಕಿಗೆ ಬರೆದಿಟ್ಟು, ಮರುದಿನ ಅಲ್ಲಿಂದಲೇ ಎತ್ತಿಕೊಳ್ಳುತ್ತದೆ. ಆದರೆ ಕರೆಂಟ್ ಹೋಗಿ ದಿಢೀರ್ ಆಫ್ ಆದರೆ ಬರೆದಿಡಲು ಸಮಯ ಎಲ್ಲಿ? ಆಗ ಮೊದಲಿನಿಂದ ಏಳಬೇಕು. ಮಲೆನಾಡಿನ ಮಳೆಗಾಲದಲ್ಲಿ ಆ ಅನುಕೂಲ ನಮಗೆ ಸಿಗುವುದೇ ಕಡಿಮೆ. ಡೆಸ್ಕ್‌ಟಾಪ್ ಕಂಡ ಮೇಲೂ ವಿಂಡೋಸ್ 10 ಹಿಂದುಗಡೆ ಏನೇನೋ ಮಾಡುತ್ತಿರುತ್ತದೆ. ಡಿಫೆಂಡರ್ ಫೈಲ್ ತಪಾಸಣೆ, ಹುಡುಕಾಟದ ಇಂಡೆಕ್ಸ್, ಅಪ್‌ಡೇಟ್. ಹಳೇ ಹಾರ್ಡ್‌ಡಿಸ್ಕ್ ಇದ್ದರೆ ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ 100% ಅಂತ ನಿಂತುಬಿಡುತ್ತದೆ. ಬ್ರೌಸರ್ ಐಕಾನ್ ಒತ್ತಿ ಸುಮ್ನೆ ಕೂರಬೇಕು.

ಓಎಸ್ ಬದಲಿಸುವ ಯೋಚನೆ ಇದ್ದರೆ ಮೊದಲು ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಹಾರ್ಡ್‌ಡಿಸ್ಕಿನಲ್ಲಿ ತಿರುಗುವ ತಟ್ಟೆ, ಅದರ ಮೇಲೆ ಓಡಾಡುವ ಮುಳ್ಳು. ಚೂರು ಚೂರು ಫೈಲುಗಳನ್ನು ಹುಡುಕಿ ತರುವುದರಲ್ಲೇ ಹೊತ್ತು ಹೋಗುತ್ತದೆ. ಎಸ್‌ಎಸ್‌ಡಿಯಲ್ಲಿ ಆ ಓಡಾಟವೇ ಇಲ್ಲ. ನನ್ನ ಯಂತ್ರಗಳಲ್ಲಿ ವಿಂಡೋಸಿಗೂ ಮಿಂಟಿಗೂ ಇರುವ ಅಂತರಕ್ಕಿಂತ, ಹಾರ್ಡ್‌ಡಿಸ್ಕಿಗೂ ಎಸ್‌ಎಸ್‌ಡಿಗೂ ಇರುವ ಅಂತರವೇ ಜಾಸ್ತಿ ಕಂಡಿತು. ಡಬ್ಬಿ ಬಿಚ್ಚಿದಾಗ ರ‍್ಯಾಮ್ ಕಡ್ಡಿಯ ಚಿನ್ನದ ಬಣ್ಣದ ತುದಿಗಳನ್ನೂ ರಬ್ಬರಿನಿಂದ ಮೆಲ್ಲಗೆ ಉಜ್ಜಿ. ನಮ್ಮ ಥಂಡಿಗೆ ಅಲ್ಲಿ ಕೊಳೆ ಕೂತಿರುತ್ತದೆ, ಅಲ್ವಾ?

ಎಸ್‌ಎಸ್‌ಡಿ ಹಾಕಿದ ಮೇಲೂ ನಾಲ್ಕು ಜಿಬಿ ಯಂತ್ರದಲ್ಲಿ ಮಿಂಟ್ ಗೆಲ್ಲುತ್ತದೆ. ನಾನು ಹಾಕಿರುವುದು ಮಿಂಟ್ 22, ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪ್ ಇರುವುದು. ಏನೂ ತೆರೆಯದೆ ಇಟ್ಟರೆ ಒಂದು ಜಿಬಿಯ ಆಸುಪಾಸು ರ‍್ಯಾಮ್ ತಿನ್ನುತ್ತದೆ. ಅದೇ ಯಂತ್ರದಲ್ಲಿ ವಿಂಡೋಸ್ 10 ಸರಿಸುಮಾರು ಅದರ ಎರಡರಷ್ಟು. ಉಳಿದ ಜಾಗದಲ್ಲಿ ತಾನೇ ಬ್ರೌಸರ್ ಬದುಕಬೇಕು? ಒಂದು ಟ್ಯಾಬಿನಲ್ಲಿ ಪಹಣಿ ಕೊಡುವ ‘ಭೂಮಿ’ ಜಾಲತಾಣ, ಇನ್ನೊಂದರಲ್ಲಿ ಸೇವಾ ಸಿಂಧು, ಮತ್ತೊಂದರಲ್ಲಿ ಗಿರಾಕಿಯ ವಾಟ್ಸಾಪ್. ವಿಂಡೋಸಿನಲ್ಲಿ ಟ್ಯಾಬ್ ಬದಲಿಸಿದಾಗಲೆಲ್ಲ ಬಿಳಿ ಪರದೆ ನೋಡಿಕೊಂಡು ಕಾಯಬೇಕಿತ್ತು. ಮಿಂಟಿನಲ್ಲಿ ಅದು ತಪ್ಪಿತು. ಆದರೆ ಬ್ರೌಸರ್ ಎಲ್ಲಿದ್ದರೂ ಹೊಟ್ಟೆಬಾಕನೇ. ಟ್ಯಾಬುಗಳು ಹೆಚ್ಚಿದರೆ ಮಿಂಟ್ ಕೂಡ ಏದುಸಿರು ಬಿಡುತ್ತದೆ. ಎಂಟು ಜಿಬಿ ಇರುವ ಯಂತ್ರದಲ್ಲಿ ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಕನ್ನಡದ ವಿಷಯ. ಮಿಂಟಿನ ಇನ್‌ಪುಟ್ ಮೆಥಡಿನಲ್ಲಿ ಐಬಸ್ ಎಂಬ ಟೈಪಿಂಗ್ ಸಾಧನ ಹಾಕಿ, ಕನ್ನಡದ ಕೆಜಿಪಿ ಕೀಲಿಮಣೆ ವಿನ್ಯಾಸ ಆರಿಸಿಕೊಂಡರೆ ನುಡಿ ತಂತ್ರಾಂಶದಲ್ಲಿ ಪಳಗಿದ ಬೆರಳಿಗೆ ಕಷ್ಟವೇ ಇಲ್ಲ. ಕೆ, ಎಫ್, ಕೆ ಒತ್ತಿದರೆ ‘ಕ್ಕ’ ಮೂಡುತ್ತದೆ. ಯೂನಿಕೋಡ್ ಅರ್ಜಿ, ಕರಾರು ಪತ್ರ ಎಲ್ಲ ಲಿಬ್ರೆಆಫೀಸಿನಲ್ಲಿ ಸಲೀಸು. ತೊಡಕಿರುವುದು ಹಳೇ ಆಸ್ಕಿ ಫೈಲುಗಳಲ್ಲಿ, ಅಂದರೆ ಅದರದೇ ಫಾಂಟ್ ಇಲ್ಲದಿದ್ದರೆ ಕನ್ನಡವಾಗಿ ಕಾಣದ ಫೈಲುಗಳಲ್ಲಿ. ಮದುವೆ, ಗೃಹಪ್ರವೇಶದ ಆಮಂತ್ರಣದ ಮಾದರಿಗಳೆಲ್ಲ ‘ನುಡಿ 01 ಇ’ ಫಾಂಟಿನಲ್ಲಿವೆ. ಫಾಂಟ್ ಹಾಕಿಕೊಂಡರೆ ಮಿಂಟಿನಲ್ಲೂ ಓದಬಹುದು, ಪ್ರಿಂಟ್ ತೆಗೆಯಬಹುದು. ಆದರೆ ಹೆಸರು, ಮುಹೂರ್ತ ತಿದ್ದಬೇಕೆಂದರೆ ನುಡಿ ತಂತ್ರಾಂಶ ಬೇಕು, ಅದಕ್ಕೆ ವಿಂಡೋಸ್ ಬೇಕು. ಪೇಜ್‌ಮೇಕರ್, ಟ್ಯಾಲಿ, ಆಧಾರಿಗೆ ಬೆರಳ ಗುರುತು ಓದುವ ನಮ್ಮ ಯಂತ್ರದ ಆರ್‌ಡಿ ಸರ್ವಿಸ್ ತಂತ್ರಾಂಶ ಕೂಡ ವಿಂಡೋಸಿನ ಕಡೆಗೇ ಎಳೆಯುತ್ತವೆ.

ಪ್ರಿಂಟರ್ ಇನ್ನೊಂದು ತಲೆನೋವು. ನನ್ನ ಹಳೇ ಲೇಸರ್ ಪ್ರಿಂಟರ್ ವಿಂಡೋಸಿನಲ್ಲಿ ಒಂದೇ ಏಟಿಗೆ ಕೆಲಸ ಮಾಡುತ್ತದೆ, ಮಿಂಟಿನಲ್ಲಿ ಒಂದು ಪುಟ ಕೊಟ್ಟು ಮುಷ್ಕರ ಹೂಡುತ್ತದೆ. ಕಂಪ್ಯೂಟರ್ ಹತ್ತೇ ಸೆಕೆಂಡಿನಲ್ಲಿ ಎದ್ದರೂ ಕಾಗದ ಹೊರಗೆ ಬರದಿದ್ದರೆ ನನಗೆ ಅದು ನಿಧಾನವೇ. ಈಚಿನ ವೈಫೈ ಪ್ರಿಂಟರ್ ಮಾತ್ರ ಡ್ರೈವರ್ ಹಾಕದೆ ತಾನೇ ಕಾಣಿಸಿಕೊಂಡಿತು.

ಕ್ರೋಮ್‌ಓಎಸ್ ಫ್ಲೆಕ್ಸ್ ಬಗ್ಗೆ ಎರಡೇ ಮಾತು. ಆನ್ ಆಗುವುದರಲ್ಲಿ ಮೂರರಲ್ಲಿ ಅದೇ ಚುರುಕು. ಆದರೆ ಕೆಲಸವೆಲ್ಲ ಬ್ರೌಸರಿನಲ್ಲೇ. ಗಾಳಿಗೆ ಮರ ಬಿದ್ದು ಫೈಬರ್ ಕಡಿದರೆ ಅದರಲ್ಲಿ ಮಾಡಲು ಉಳಿಯುವ ಕೆಲಸ ಬಹಳ ಕಡಿಮೆ. ನಮ್ಮೂರಿನ ಅಂಗಡಿಗೆ ಬೇಡ.

ಕೊನೆಗೆ ನಾನು ಮಾಡಿಕೊಂಡ ವ್ಯವಸ್ಥೆ ಹೇಳುತ್ತೇನೆ. ಎಂಟು ಜಿಬಿ ಯಂತ್ರದಲ್ಲಿ ವಿಂಡೋಸ್ 10 ಉಳಿಸಿದೆ. ಡಿಟಿಪಿ, ಬೆರಳ ಗುರುತಿನ ಯಂತ್ರ, ಹಳೇ ಪ್ರಿಂಟರ್ ಅದಕ್ಕೆ. ಅದರ ಮಾಮೂಲಿ ಸೆಕ್ಯುರಿಟಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೆಸರು ನೋಂದಾಯಿಸಿದರೆ ಇನ್ನೊಂದು ವರ್ಷ ಸಿಗುತ್ತದೆ, ಆಮೇಲೆ ಆ ಯಂತ್ರ ಬದಲಿಸಲೇಬೇಕು. ನಾಲ್ಕು ಜಿಬಿಯವಕ್ಕೆಲ್ಲ ಮಿಂಟ್. ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಇದೆ. ಪಹಣಿ, ಅರ್ಜಿ, ಸ್ಕ್ಯಾನ್, ಟೈಪಿಂಗ್ ಎಲ್ಲ ಅದರಲ್ಲೇ ನಡೆಯುತ್ತಿದೆ.

ನೀವೂ ನೋಡುವುದಾದರೆ ಮಿಂಟನ್ನು ಪೆನ್‌ಡ್ರೈವಿಗೆ ಬರೆದು ಅಲ್ಲಿಂದಲೇ ಓಡಿಸಿ. ಡಿಸ್ಕ್ ಮುಟ್ಟುವುದು ಬೇಡ. ನಾಲ್ಕು ಸಾಲು ಕನ್ನಡ ಟೈಪ್ ಮಾಡಿ, ನಿಮ್ಮ ಪ್ರಿಂಟರಿನಿಂದ ಐದಾರು ಪುಟ ಒಟ್ಟಿಗೆ ತೆಗೆಯಿರಿ, ಸ್ಕ್ಯಾನರ್ ಹಚ್ಚಿ ನೋಡಿ. ವೇಗ ಎಷ್ಟು ಅಂತ ಮಾತ್ರ ಆಗಲೇ ತೀರ್ಮಾನಿಸಬೇಡಿ. ಪೆನ್‌ಡ್ರೈವಿನಿಂದ ಓಡುವಾಗ ಅದು ನಿಧಾನವೇ, ಎಸ್‌ಎಸ್‌ಡಿಗೆ ಹಾಕಿದ ಮೇಲೆ ಚುರುಕಾಗುತ್ತದೆ.