14416 ಟೆಲಿ ಮಾನಸ್: ಅಕಾಡೆಮಿಯಿಂದ ಅರ್ಧಕ್ಕೇ ಮನೆಗೆ ಬಂದ ಕೆಡೆಟ್‌ನ ಮನೆಯವರಿಗೆ

ಸೇನಾಧಿಕಾರಿಗಳಾಗಲು ತರಬೇತಿ ಕೊಡುವ ಖಡಕವಾಸ್ಲಾದ ಎನ್‌ಡಿಎ ಇರಲಿ, ಡೆಹ್ರಾಡೂನಿನ ಐಎಂಎ ಇರಲಿ, ತರಬೇತಿಯ ಮಧ್ಯೆ ‘ವಿತ್‌ಡ್ರಾ’ ಆದ, ಅಂದರೆ ಹೊರಬಿದ್ದ ಹುಡುಗನ ಜೊತೆ ಅವನ ಕಪ್ಪು ಟ್ರಂಕೂ ಊರಿಗೆ ಬರುತ್ತದೆ. ಬಿಳಿ ಬಣ್ಣದಲ್ಲಿ ಹೆಸರು, ನಂಬರ್ ಬರೆದ ಆ ಟ್ರಂಕ್ ಬೀಗ ಹಾಕಿದಂತೆಯೇ ವಾರಗಟ್ಟಲೆ ಹಾಲ್‌ನ ಮೂಲೆಯಲ್ಲಿ ಬಿದ್ದಿರುತ್ತದೆ. ಆಯ್ಕೆಯಾದಾಗ ಸರ್ಕಲ್‌ನಲ್ಲಿ ಫ್ಲೆಕ್ಸ್ ಕಟ್ಟಿದ ಊರು ಈಗ ‘ರಜೆನಾ? ವಾಪಸ್ ಯಾವಾಗ?’ ಎನ್ನುತ್ತದೆ. ಈ ಹೊತ್ತಿಗೆ ದುಡ್ಡಿಲ್ಲದೆ, ಅಪಾಯಿಂಟ್‌ಮೆಂಟ್ ಇಲ್ಲದೆ ಮನೆಯವರ ಕೈಗೆ ಸಿಗುವ ಸೇವೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ.

ಇದು ಕೇಂದ್ರ ಆರೋಗ್ಯ ಸಚಿವಾಲಯದ್ದು. 2022ರ ಅಕ್ಟೋಬರ್ 10ರಂದು ಶುರುವಾಯಿತು. ಮುಂದಾಳತ್ವ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನದು. 14416 ಅಥವಾ 1800 891 4416 ಒತ್ತಿ ಕನ್ನಡ ಆರಿಸಿಕೊಂಡರೆ ತರಬೇತಿ ಪಡೆದ ಆಪ್ತಸಮಾಲೋಚಕರು ಸಿಗುತ್ತಾರೆ. ಹಗಲು ರಾತ್ರಿ ಉಚಿತ. ಅಗತ್ಯ ಕಂಡರೆ ಅವರೇ ಮನೋವೈದ್ಯರ ಹಂತಕ್ಕೆ ದಾಟಿಸುತ್ತಾರೆ. ಸೇನೆಯವರಿಗೂ ಅವರ ಕುಟುಂಬಗಳಿಗೂ ಎಂದೇ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ 2023ರ ಡಿಸೆಂಬರ್ 1ರಂದು ಪ್ರತ್ಯೇಕ ಘಟಕವೂ ಆರಂಭವಾಯಿತು.

ಮೊದಲ ಕರೆ ಮಗನದ್ದಾಗಬೇಕಿಲ್ಲ. ಅಪ್ಪನೋ ಅಮ್ಮನೋ ಒಬ್ಬರೇ ಕೂತು ಮಾಡುವುದೇ ಒಳ್ಳೆಯದು. ಮೊದಲು ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಮನೆಗೆ ಬಂದ ತಾರೀಖು, ಕಾರಣ ಓದೋ, ದೈಹಿಕ ಪರೀಕ್ಷೆಯೋ, ಶಿಸ್ತೋ, ಗಾಯವೋ, ರಾತ್ರಿ ಎಷ್ಟು ಗಂಟೆ ನಿದ್ದೆ, ಊಟ ಹೇಗಿದೆ, ‘ನಾನಿದ್ದು ಏನು ಪ್ರಯೋಜನ’ ಎಂಬಂಥ ಮಾತು ಬಂದಿದೆಯೇ. ರೆಲಿಗೇಷನ್ (ಕೆಳಗಿನ ಟರ್ಮ್‌ಗೆ ಇಳಿಸುವುದು), ಬೋರ್ಡ್ ಔಟ್ (ವೈದ್ಯಕೀಯ ಕಾರಣಕ್ಕೆ ಹೊರಕಳಿಸುವುದು) ಮುಂತಾದ ಪದಗಳು ಆ ಕಡೆಯವರಿಗೆ ಗೊತ್ತಿರಲೇಬೇಕೆಂದಿಲ್ಲ, ಎರಡು ವಾಕ್ಯದಲ್ಲಿ ನೀವೇ ಬಿಡಿಸಿ ಹೇಳಿ. ಇದು ಸೇವೆಯ ಒಂದು ಕೊರತೆಯೇ ಸರಿ. ಇನ್ನೊಂದು, ಮತ್ತೆ ಕರೆ ಮಾಡಿದಾಗ ಬೇರೆಯವರು ಸಿಗಬಹುದು. ಕಥೆಯನ್ನು ಮೊದಲಿಂದ ಹೇಳುವ ದಣಿವು ಹುಡುಗನಿಗೆ ಬೀಳದಂತೆ ಹಿಂದಿನ ಕರೆಯ ದಿನಾಂಕ, ಅವರು ಹೇಳಿದ್ದು, ಎಲ್ಲ ಅದೇ ಚೀಟಿಯಲ್ಲಿರಲಿ.

ಕರೆ ಕೆಡುವುದು ಹೆಚ್ಚಾಗಿ ನಮ್ಮ ಕಡೆಯಿಂದಲೇ. ಸ್ಪೀಕರ್ ಹಾಕಿ ಮಗನನ್ನು ಪಕ್ಕದಲ್ಲಿ ಕೂರಿಸಿದರೆ ಅವನು ಬಾಯಿ ಬಿಡುವುದಿಲ್ಲ. ಸೇನಾಧಿಕಾರಿ ಆಯ್ಕೆಗೆ ಯುಪಿಎಸ್‌ಸಿ ನಡೆಸುವ ಇನ್ನೊಂದು ಪರೀಕ್ಷೆಯಾದ ‘ಸಿಡಿಎಸ್ ಬರೆಯಲು ಮಗನನ್ನು ಒಪ್ಪಿಸಿ’ ಎಂದು ಕೇಳುವವರಿದ್ದಾರೆ. ಅದು ಸಮಾಲೋಚಕರ ಕೆಲಸವಲ್ಲ. ಸಾಯುವ ಮಾತು ಬಂದಿದ್ದರೆ ಸುತ್ತಿಬಳಸದೆ ಹೇಳಿ. ಮಗನನ್ನೂ ನೇರವಾಗಿಯೇ ಕೇಳಿ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ತೋಟದ ಮನೆಯಾದರೆ ಕೀಟನಾಶಕದ ಡಬ್ಬಿಗಳು ಅದೇ ದಿನ ಬೇರೆಯವರ ಮನೆ ಸೇರಲಿ. ಅಪಾಯ ಎದುರಿಗೇ ಇದ್ದರೆ 112, ಇಲ್ಲವೇ ಹತ್ತಿರದ ಆಸ್ಪತ್ರೆ. ಅವನನ್ನು ಒಬ್ಬನೇ ಬಿಡಬೇಡಿ.

ಮೊದಲ ತಿಂಗಳಿಗೆ ಈ ಸೇವೆಗೆ ಐದರಲ್ಲಿ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು. ಆದರೆ ಸಂಕಟದ ಅರ್ಧ ಭಾಗ ಕಾಗದಪತ್ರದ್ದು. ಅದಕ್ಕೆ ಇಲ್ಲಿ ಉತ್ತರವಿಲ್ಲ.

ಹೊರಬಿದ್ದ ಕಾರಣವನ್ನು ಲಿಖಿತ ಆದೇಶದಲ್ಲೇ ಪಡೆಯಿರಿ, ಬಾಯಿಮಾತು ಸಾಲದು. ಶಿಸ್ತಿನ ಕಾರಣಕ್ಕೆ ಹೊರಬಿದ್ದವರಿಗೆ ಯುಪಿಎಸ್‌ಸಿಯ ಎನ್‌ಡಿಎ, ಸಿಡಿಎಸ್ ಬಾಗಿಲು ಮುಚ್ಚಿರುತ್ತದೆ. ಇದನ್ನು ನೋಡದೆ ಕೋಚಿಂಗ್‌ಗೆ ಸಾವಿರಾರು ರೂಪಾಯಿ ಕಟ್ಟಿ, ಹುಡುಗನಿಗೆ ಎರಡನೇ ಸಲ ಪೆಟ್ಟು ಕೊಡುವ ಮನೆಗಳಿವೆ. ಫೀಸು ಕಟ್ಟುವ ಮೊದಲು ಆ ವರ್ಷದ ಅಧಿಸೂಚನೆಯ ಅರ್ಹತೆ ಭಾಗವನ್ನು ಸಾಲು ಸಾಲಾಗಿ ಓದಿ. ತಾನಾಗಿ ಬಿಟ್ಟು ಬಂದಿದ್ದರೆ, ಅಥವಾ ತನ್ನ ಕೈಯಲ್ಲಿದ್ದ ಕಾರಣಕ್ಕೆ ಹೊರಬಿದ್ದಿದ್ದರೆ, ತರಬೇತಿಯ ಖರ್ಚು ವಸೂಲಿಗೂ ಅವಕಾಶವಿದೆ. ಪತ್ರ ಬಂದರೆ ಡ್ರಾಯರ್‌ಗೆ ಹಾಕಿ ಸುಮ್ಮನಾಗಬೇಡಿ.

ತರಬೇತಿಯಿಂದಾದ ಅಥವಾ ತರಬೇತಿಯಿಂದ ಉಲ್ಬಣಿಸಿದ ಗಾಯಕ್ಕೆ ಬೋರ್ಡ್ ಔಟ್ ಆಗಿದ್ದರೆ ದಾರಿಯೇ ಬೇರೆ. 2025ರ ಲೆಕ್ಕದಲ್ಲಿ ತಿಂಗಳಿಗೆ 9,000 ರೂಪಾಯಿ ಎಕ್ಸ್‌ಗ್ರೇಷಿಯಾ (ಸರ್ಕಾರ ಕೊಡುವ ಪರಿಹಾರ ಹಣ) ಇತ್ತು. ಜೊತೆಗೆ ಅಂಗವೈಕಲ್ಯ 100 ಪ್ರತಿಶತವಿದ್ದರೆ 16,200. ಕಡಿಮೆಯಿದ್ದಷ್ಟೂ ಮೊತ್ತ ಇಳಿಯುತ್ತದೆ. ಸುಪ್ರೀಂ ಕೋರ್ಟ್ ಈ ಕೆಡೆಟ್‌ಗಳ ಪಾಡನ್ನು ತಾನಾಗಿ ಕೈಗೆತ್ತಿಕೊಂಡ 2025ರ ಆಗಸ್ಟ್‌ನಲ್ಲೇ ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಚಿಕಿತ್ಸೆಯೂ ಸದಸ್ಯತ್ವ ಶುಲ್ಕವಿಲ್ಲದೆ ಇವರಿಗೆ ತೆರೆಯಿತು. ಎಲ್ಲದಕ್ಕೂ ಮೆಡಿಕಲ್ ಬೋರ್ಡ್ ನಡಾವಳಿಯ ಪ್ರತಿ ಬೇಕು. ಮೂರು ಜೆರಾಕ್ಸ್ ಮಾಡಿಸಿಡಿ.

ಓದು ಮುಂದುವರಿಸುವುದಾದರೆ, ಎನ್‌ಡಿಎ ಪದವಿ ದೆಹಲಿಯ ಜೆಎನ್‌ಯು ವಿಶ್ವವಿದ್ಯಾಲಯದ್ದು. ಮುಗಿಸಿದ ಟರ್ಮ್‌ಗಳ ಅಂಕಪಟ್ಟಿ ಹಿಡಿದು, ಸೇರಬೇಕೆಂದಿರುವ ವಿಶ್ವವಿದ್ಯಾಲಯದ ಕುಲಸಚಿವರ ಕಚೇರಿಯಲ್ಲಿ ಎಷ್ಟು ಕ್ರೆಡಿಟ್ ಒಪ್ಪುತ್ತಾರೆ ಎಂದು ಲಿಖಿತವಾಗಿ ಕೇಳಿ. ಆ ಅಂಕಪಟ್ಟಿ ಟ್ರಂಕಿನೊಳಗೇ ಇರಬಹುದು. ನೀವು ಬೀಗ ತೆಗೆಯಬೇಡಿ. ಯಾವ ಕಾಗದ, ಯಾವ ತಾರೀಖಿನೊಳಗೆ ಬೇಕು ಎಂದು ಹೇಳಿ; ಅವನೇ ತೆಗೆದುಕೊಡಲಿ.