ಎಕ್ಸ್‌ರೇ ಸರಿ ಇದೆ ಅಂದರೆ ಸಾಲದು, ಊದಿಸಿ ನೋಡಲು ಹೇಳಿ

ಮನೆಯಲ್ಲಿ ವಯಸ್ಸಾದವರಿಗೆ ತಿಂಗಳುಗಟ್ಟಲೆ ಕೆಮ್ಮು, ಕಫ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಇದೆಯಾ? ಹಾಗಿದ್ದರೆ ಇದನ್ನು ಓದಿ. ನಮ್ಮ ಅತ್ತೆಗೆ ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಸಿರಾಡಲು ಕಷ್ಟವಾಗುವ, ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇದೆ ಅಂತ ಗೊತ್ತಾಗುವ ಹೊತ್ತಿಗೆ ವರ್ಷಗಳೇ ಕಳೆದಿದ್ದವು.

ಹತ್ತಿರದ ಕ್ಲಿನಿಕ್‌ನಲ್ಲಿ ಪ್ರತಿ ಸಲವೂ ಅದೇ ಕಥೆ. ಸಿರಪ್, ಆಂಟಿಬಯೋಟಿಕ್, ಜಾಸ್ತಿಯಾದರೆ ಒಂದು ಇಂಜೆಕ್ಷನ್. ಕಫ ಪರೀಕ್ಷೆಯಲ್ಲಿ ಟಿಬಿ ಇಲ್ಲ ಅಂತ ಬಂತು. ಎಕ್ಸ್‌ರೇಯೂ ಸರಿ ಇದೆ ಅಂದರು. "ಬೀಡಿ ಗೀಡಿ ಸೇದ್ತೀರಾ ಅಮ್ಮ?" ಅಂತ ಕೇಳಿದರು. ಅತ್ತೆ ನಕ್ಕುಬಿಟ್ಟರು. ಅಲ್ಲಿಗೆ ಆ ಮಾತು ಮುಗಿಯಿತು, ಚೀಟಿಯಲ್ಲಿ ಅಸ್ತಮಾ ಅಂತ ಬಿತ್ತು.

ಒಲೆ ಬಗ್ಗೆ ಯಾರೂ ಕೇಳಲಿಲ್ಲ. ಅತ್ತೆ ಮದುವೆಯಾಗಿ ಬಂದಾಗಿನಿಂದ ಸೌದೆ ಒಲೆ ಊದಿದವರು. ಅಡುಗೆಗೆ ಗ್ಯಾಸ್ ಬಂದರೂ ನಮ್ಮ ಮಲೆನಾಡಿನ ಕಡೆ ಬಚ್ಚಲ ಹಂಡೆಗೆ ಇವತ್ತಿಗೂ ಸೌದೆಯೇ. ಮಳೆಗಾಲದಲ್ಲಿ ಹಸಿ ಸೌದೆ ಎಷ್ಟು ಹೊಗೆ ಕಾರುತ್ತದೆ ಅಂತ ಗೊತ್ತಲ್ವಾ? ಬೀಡಿ ಮುಟ್ಟದ ಹೆಂಗಸರಿಗೂ ಆ ಹೊಗೆಯಿಂದ ಸಿಒಪಿಡಿ ಬರುತ್ತದೆ.

ನನಗೆ ಎಲ್ಲಕ್ಕಿಂತ ಸಿಟ್ಟು ಬಂದಿದ್ದು ಸ್ಟೀರಾಯ್ಡ್ ಮಾತ್ರೆ ವಿಷಯದಲ್ಲಿ. ನುಂಗಿದ ದಿನ ಉಸಿರು ಹಗುರ, ಹಾಗಾಗಿ ಹಳೇ ಚೀಟಿ ತೋರಿಸಿದರೆ ಮೆಡಿಕಲ್ ಶಾಪ್‌ನವರು ಕೊಡುತ್ತಲೇ ಹೋದರು. ಮುಖ ಊದಿಕೊಂಡಿತು, ಶುಗರ್ ಏರಿತು.

ಕೊನೆಗೆ ಶ್ವಾಸಕೋಶದ ಡಾಕ್ಟರು ಸ್ಪೈರೋಮೆಟ್ರಿ ಮಾಡಿಸಿದರು. ಪೂರ್ತಿ ಉಸಿರೆಳೆದು ಕೊಳವೆಯೊಳಗೆ ಜೋರಾಗಿ, ಉಸಿರು ಖಾಲಿಯಾಗುವವರೆಗೆ ಊದಬೇಕು. ಆಮೇಲೆ ಶ್ವಾಸನಾಳ ಹಿಗ್ಗಿಸುವ ಔಷಧಿ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ಊದಿಸುತ್ತಾರೆ. ಒಟ್ಟು ಊದಿದ ಗಾಳಿಯಲ್ಲಿ ಮೊದಲ ಸೆಕೆಂಡಿನಲ್ಲೇ ಎಷ್ಟು ಪಾಲು ಹೊರಬಂತು ಅನ್ನುವುದೇ ಮುಖ್ಯ. ಔಷಧಿ ಕೊಟ್ಟ ಮೇಲೂ ಅದು 0.7ಕ್ಕಿಂತ ಕಡಿಮೆ ಇದ್ದು, ಜೊತೆಗೆ ಇಂಥ ಲಕ್ಷಣ, ಹೊಗೆಯ ಹಿನ್ನೆಲೆ ಇದ್ದರೆ ಸಿಒಪಿಡಿ ಅನ್ನುತ್ತಾರೆ. ಇದನ್ನು ಎಕ್ಸ್‌ರೇ ಹೇಳುವುದಿಲ್ಲ. ಶುರುವಿನಲ್ಲಿ ಎಕ್ಸ್‌ರೇ ಚೆನ್ನಾಗಿಯೇ ಕಾಣಬಹುದು. ಬೆರಳಿಗೆ ಹಾಕುವ ಆಕ್ಸಿಮೀಟರ್ ಕೂಡ ಸುಮ್ನೆ ಕೂತಾಗ ಸರಿಯಾದ ಅಂಕಿಯನ್ನೇ ತೋರಿಸಬಹುದು.

ನಿಮ್ಮ ಕ್ಲಿನಿಕ್‌ನಲ್ಲಿ ಆ ಯಂತ್ರ ಇಲ್ಲದಿದ್ದರೆ ದೊಡ್ಡಾಸ್ಪತ್ರೆಗೆ ಬರೆದುಕೊಡಲು ಕೇಳಿ. ಹೋಗುವಾಗ ಹಳೇ ಚೀಟಿಗಳನ್ನೆಲ್ಲ ಒಯ್ಯಿರಿ. ಒಲೆ, ಹಂಡೆ, ಧೂಳಿನ ಕೆಲಸ ಏನಿದ್ದರೂ ಡಾಕ್ಟರು ಕೇಳುವ ಮೊದಲೇ ನೀವೇ ಹೇಳಿ. ಸ್ಟೀರಾಯ್ಡ್ ಮಾತ್ರೆ ತುಂಬಾ ದಿನದಿಂದ ನುಂಗುತ್ತಿದ್ದರೆ ಇದನ್ನು ಓದಿ ಒಮ್ಮೆಲೇ ನಿಲ್ಲಿಸಬೇಡಿ. ಅದನ್ನು ಡಾಕ್ಟರು ಹೇಳಿದ ಹಾಗೆ ನಿಧಾನಕ್ಕೆ ಇಳಿಸಬೇಕು.